ಕಾಲರ್ ಟ್ಯೂನ್‌ನಲ್ಲಿ ಚರಣ ಬರುವುದಿಲ್ಲ: ನಾನೊಂದು ಪ್ರೇಮಕಥೆ ಬರೆದ ಬಗೆ

2007ರ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆ ನಡೆಯುವ ಒಂದು ಪ್ರೇಮಕಥೆಯನ್ನು ಈಚೆಗೆ ಬರೆದು ಮುಗಿಸಿದೆ. ಹುಡುಗಿ ಅಶ್ವಿನಿ, ಹುಡುಗ ಪ್ರದೀಪ. ಇಬ್ಬರೂ ಬಿ.ಕಾಂ. ಕೊನೆಯ ವರ್ಷ. ಕಥೆ ಹುಟ್ಟಿದ್ದು ಒಂದು ಹಾಡಿನಿಂದ. ಯಾವ ಹಾಡು ಅಂತ ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ಬಂತು. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ಸಂಗೀತ ಕೊಟ್ಟು, ಸೋನು ನಿಗಮ್ ಹಾಡಿದ ‘ಅನಿಸುತಿದೆ ಯಾಕೋ ಇಂದು’ ಮುಂದಿನ ಇಡೀ ವರ್ಷ ಬಸ್ಸು, ಬೇಕರಿ, ಮದುವೆ ಮನೆ, ಗಣಪತಿ ಪೆಂಡಾಲು ಅಂತ ಎಲ್ಲಾ ಕಡೆ ಕೇಳಿಸುತ್ತಿತ್ತು. ಹಾಗೆ ಮನಸ್ಸಿಗೆ ಅಂಟಿದ ಹಾಡು ಇಟ್ಟುಕೊಂಡು ಕಥೆ ಬರೆಯಲು ಹೊರಟವರು ಬೇರೆಯವರೂ ಇರುತ್ತಾರೆ. ಅವರಿಗೆ ಉಪಯೋಗವಾಗಲಿ ಅಂತ, ನಾನು ಹೇಗೆ ಬರೆದೆ ಅನ್ನುವುದನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಂಡೆ. ಆ ಹಾಡು ಕೇಳಿದಾಗ ಎದೆಯಲ್ಲಿ ಆಗುವ ಸಂಕಟ ನನ್ನದು, ಈಗಿನದು. ಅಶ್ವಿನಿಯದೂ ಅಲ್ಲ, ಪ್ರದೀಪನದೂ ಅಲ್ಲ. ಅವರಿಗೆ ಅದು ಆರು ತಿಂಗಳ ಹಿಂದೆ ಬಂದ ಹೊಸ ಹಾಡು. ತಾವು ಇರುವುದು ಮುಂದೆ ಯಾರೋ ಹಂಬಲಿಸುವ ಕಾಲದಲ್ಲಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಈ ಕಥೆಯಲ್ಲಿ ಯಾರೂ ಏನನ್ನೂ ನೆನಪು ಮಾಡಿಕೊಳ್ಳಬಾರದು ಅಂತ ನಿಯಮ ಹಾಕಿಕೊಂಡೆ. ‘ಆ ದಿನಗಳು’, ‘ಆಗೆಲ್ಲ’, ‘ಈಗಿನ ಹಾಗಲ್ಲ’ ಅನ್ನುವಂಥ ಮಾತು ಬಂದಲ್ಲೆಲ್ಲ ಇಡೀ ವಾಕ್ಯವನ್ನೇ ತೆಗೆದೆ. ನೋಕಿಯಾ ಫೋನಿನ ವರ್ಣನೆಯನ್ನೂ ಬಿಟ್ಟೆ. ನಮ್ಮ ಜೇಬಿನಲ್ಲಿರುವ ಫೋನನ್ನು ನಾವು ದಿನಾ ವರ್ಣಿಸುತ್ತೇವಾ? ಇಲ್ಲ ಅಲ್ವಾ. ಅವರೂ ಹಾಗೇ. ಹಳೆಯದರ ಹಂಬಲವನ್ನು ಓದುಗರೇ ತರುತ್ತಾರೆ. ಅದನ್ನು ನಾನೇ ಬಡಿಸಿದರೆ ಅವರು ತಂದದ್ದಕ್ಕೆ ಜಾಗ ಇರುವುದಿಲ್ಲ.

ಹಾಗಾದರೆ ಹಾಡಿನಿಂದ ಕಥೆಗೆ ಏನನ್ನು ತೆಗೆದುಕೊಳ್ಳಬೇಕು? ಹಾಡಿನ ಭಾವ ಅಂತ ಎಲ್ಲರೂ ಹೇಳುತ್ತಾರೆ. ನಾನು ಹುಡುಕಿದ್ದು ಬೇರೆ: ಆ ಹಾಡು ಇವರ ಕಿವಿಗೆ ಬಿದ್ದದ್ದು ಹೇಗೆ? ಯಾವ ಯಂತ್ರದಿಂದ, ಯಾರ ದುಡ್ಡಲ್ಲಿ, ಎಷ್ಟು ಹೊತ್ತು? ಈ ಪ್ರಶ್ನೆ ಕೇಳಿಕೊಂಡ ಮೇಲೆ ಕಾಲರ್ ಟ್ಯೂನ್ ನೆನಪಾಯಿತು. ಕಥೆ ಸಿಕ್ಕಿದ್ದು ಅಲ್ಲೇ.

ಕಾಲರ್ ಟ್ಯೂನ್ ವಿಚಿತ್ರ ವಸ್ತು. ಹಾಕಿಸಿಕೊಂಡವರಿಗೆ ಅದು ಕೇಳಿಸುವುದೇ ಇಲ್ಲ. ಅವರ ಕೈಯಲ್ಲಿರುವ ಫೋನು ಎಂದಿನಂತೆ ಟ್ರಿಣ್ ಅನ್ನುತ್ತಿರುತ್ತದೆ. ಅದೇ ಹೊತ್ತಿಗೆ ಆ ಕಡೆ ಫೋನ್ ಮಾಡಿದವರ ಕಿವಿಯಲ್ಲಿ ಹಾಡು ಬರುತ್ತಿರುತ್ತದೆ. ಫೋನ್ ಎತ್ತಿದರೆ ಹಾಡು ನಿಂತುಹೋಗುತ್ತದೆ. ಎತ್ತದಿದ್ದರೆ ಮುಂದುವರಿಯುತ್ತದೆ, ಕರೆಗೆ ಕಾಸೂ ಬೀಳುವುದಿಲ್ಲ. ಅಂದರೆ ಒಬ್ಬರಿಗೆ ಹಾಡು ಕೇಳಿಸಬೇಕು ಅಂತಿದ್ದರೆ ಅವರ ಫೋನನ್ನು ಎತ್ತದೆ ಸುಮ್ನೆ ಕೂರಬೇಕು. ಇಪ್ಪತ್ತು ವರ್ಷದ ಹುಡುಗಿ ಪ್ರೀತಿಯನ್ನು ಹೇಳಿಯೂ ಹೇಳದೆ ಇರಲು ಇದಕ್ಕಿಂತ ಒಳ್ಳೆಯ ದಾರಿ ನನಗಂತೂ ಹೊಳೆಯಲಿಲ್ಲ.

ಅಶ್ವಿನಿಗೆ ಸ್ವಂತ ಮೊಬೈಲ್ ಇಲ್ಲ. ಮನೆಗೆಲ್ಲ ಇರುವುದು ಅಪ್ಪಯ್ಯನ ಮೊಬೈಲ್ ಒಂದೇ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಟ್ಟದ ಕಿಟಕಿಯ ಹತ್ತಿರ ಮಾತ್ರ. ರಾತ್ರಿ ಅಪ್ಪಯ್ಯ ಫೋನನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಅಲ್ಲಿನ ಕಿಟಕಿ ಸರಳಿಗೆ ನೇತುಹಾಕುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಫೋನಿಗೆ ಹೀಗೊಂದು ಜಾಗ ಗೊತ್ತಾಗಿರುತ್ತಿತ್ತು. ಅಟ್ಟದಲ್ಲೇ ಅಶ್ವಿನಿ ಓದಿಕೊಳ್ಳುವುದು. ಒಂದು ರಾತ್ರಿ ಅವಳು ಆ ಫೋನಿನಿಂದ ಮೆಸೇಜ್ ಕಳಿಸಿ ಹಾಡು ಹಾಕಿಸುತ್ತಾಳೆ. ಹಾಸ್ಟೆಲಿನಲ್ಲಿರುವ ಪ್ರದೀಪ ಎಂಟು ಗಂಟೆ ದಾಟಿದ ಮೇಲೆ ಮಿಸ್ ಕಾಲ್ ಕೊಡುತ್ತಾನೆ. ಅವನಿಗೆ ಹಾಡು, ಅವಳಿಗೆ ಬರೀ ಟ್ರಿಣ್. ಕೆಳಗಿನಿಂದ ಅಪ್ಪಯ್ಯ ‘ಯಾರದೇ ಅದು?’ ಅಂತ ಕೂಗಿದರೆ ‘ರಾಂಗ್ ನಂಬರ್ ಅಪ್ಪಯ್ಯ’ ಅನ್ನುತ್ತಾಳೆ.

ಈ ದೃಶ್ಯ ಬರೆಯುವ ಮುಂಚೆ ಒಂದು ಕೆಲಸ ಮಾಡಿದೆ. ಪ್ರದೀಪನಿಗೆ ಕೇಳಿಸಿದ ಹಾಡು ನಾನು ಈಗ ಇಯರ್‌ಫೋನ್ ಹಾಕಿಕೊಂಡು ಕೇಳುವ ಹಾಡಲ್ಲ. ಆಗಿನ ಫೋನ್ ಕರೆಯಲ್ಲಿ ಹಾದುಬರುತ್ತಿದ್ದದ್ದು ಸುಮಾರು 300ರಿಂದ 3,400 ಹರ್ಟ್ಸ್ ಒಳಗಿನ ಶಬ್ದ ಮಾತ್ರ. ಮನುಷ್ಯರ ಮಾತು ತಿಳಿಯಲು ಅಷ್ಟು ಸಾಕು, ಹಾಡಿಗೆ ಸಾಲದು. ಆಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಹಾಡು ಹಾಕಿ, ಆ ಮಿತಿಯ ಕೆಳಗಿನದನ್ನೂ ಮೇಲಿನದನ್ನೂ ಕತ್ತರಿಸಿ ಕೇಳಿದೆ. ಕೇಳುತ್ತಾ ಕೂತವನಿಗೆ ಮೈ ಜುಮ್ಮೆಂದಿತು. ಬೇಸ್ ಪೂರ್ತಿ ಮಾಯ. ತಾಳ ಎಲ್ಲೋ ಗೋಡೆಯಾಚೆ ಟಕ್ ಟಕ್ ಅಂದ ಹಾಗೆ. ವಾದ್ಯಗಳೆಲ್ಲ ಹಿಂದೆ ಸರಿದು ಹಾಡುವ ದನಿಯೊಂದೇ ಸಣ್ಣಗೆ, ಸ್ವಲ್ಪ ಮೂಗಿನಲ್ಲಿ, ಕಿವಿಗೆ ತೀರಾ ಹತ್ತಿರ ಉಳಿದಿತ್ತು. ಯಾರೋ ಒಬ್ಬರು ಗುಟ್ಟಾಗಿ ಹಾಡಿದಂತೆ. ಸಿನಿಮಾದ ಭರ್ಜರಿ ಮಳೆ, ಹಸಿರು, ಜೋಗ ಯಾವುದೂ ಅದರಲ್ಲಿರಲಿಲ್ಲ. ಕಥೆಯಲ್ಲಿ ಹಾಡನ್ನು ವರ್ಣಿಸುವ ನಾಲ್ಕು ಸಾಲು ಬಂದದ್ದು ಇದರಿಂದಲೇ. ‘ಮಧುರವಾದ ಹಾಡು’ ಅಂತ ಬರೆಯುವ ಪ್ರಮೇಯವೇ ಬರಲಿಲ್ಲ.

ಇನ್ನೊಂದು ಸಂಗತಿ ನನ್ನ ಕಥೆಗೆ ಆಕಾರವನ್ನೇ ಕೊಟ್ಟಿತು. ಯಾರೂ ಎತ್ತದಿದ್ದರೆ ಕರೆ ಮುಕ್ಕಾಲು ನಿಮಿಷದ ಆಸುಪಾಸಿನಲ್ಲಿ ತಾನಾಗಿಯೇ ಕಟ್ ಆಗುತ್ತಿತ್ತು. ಅಷ್ಟರಲ್ಲಿ ಬರುವುದು ಪಲ್ಲವಿ ಮಾತ್ರ. ಚರಣದವರೆಗೆ ಹೋಗುವುದೇ ಇಲ್ಲ. ನಮ್ಮ ಸಿನಿಮಾ ಹಾಡಿನ ಕಟ್ಟಡ ನಿಮಗೆ ಗೊತ್ತೇ ಇದೆ: ಪಲ್ಲವಿ, ನಡುವೆ ವಾದ್ಯ, ಚರಣ, ಮತ್ತೆ ಪಲ್ಲವಿ. ಚರಣ ಕೇಳಿ ಬಂದ ಮೇಲೆ ಅದೇ ಪಲ್ಲವಿ ಬೇರೆಯೇ ಕೇಳಿಸುತ್ತದೆ. ಒಂದಕ್ಷರವೂ ಬದಲಾಗಿರುವುದಿಲ್ಲ, ಕೇಳುವವರು ಬದಲಾಗಿರುತ್ತಾರೆ. ಕಥೆಯನ್ನು ಹಾಗೇ ಕಟ್ಟಿದೆ. ಮಿಸ್ ಕಾಲ್‌ಗಳೇ ಪಲ್ಲವಿ. ಪ್ರತಿ ಸಲವೂ ಅದೇ ಅಟ್ಟ, ಅದೇ ಕಿಟಕಿ, ಅದೇ ಟ್ರಿಣ್. ಹೆಚ್ಚೂಕಡಿಮೆ ಅವೇ ವಾಕ್ಯಗಳು. ನಡುವಿನ ಚರಣಗಳಲ್ಲಿ ಅವರ ಹಗಲು: ಕೊಪ್ಪದ ಸಹಕಾರ ಸಾರಿಗೆ ಬಸ್ಸು, ಕೊಳೆರೋಗಕ್ಕೆ ಅಡಿಕೆ ಮರಗಳಿಗೆ ಔಷಧಿ ಹೊಡೆಯುವ ಗಡಿಬಿಡಿ, ಅಶ್ವಿನಿಯ ಅಕ್ಕನಿಗೆ ಗಂಡು ನೋಡುವ ಮಾತು. ಮೊದಲ ಸಲ ‘ರಾಂಗ್ ನಂಬರ್ ಅಪ್ಪಯ್ಯ’ ಅನ್ನುವಾಗ ಅಶ್ವಿನಿಗೆ ಖುಷಿ. ಅಕ್ಕನನ್ನು ನೋಡಿಕೊಂಡು ಹೋದ ದಿನ ಅದೇ ಮಾತನ್ನು ಹೇಳುವಾಗ ಅವಳ ಗಂಟಲು ಕಟ್ಟುತ್ತದೆ. ಅದನ್ನು ನಾನು ವಿವರಿಸಲಿಲ್ಲ. ವಾಕ್ಯ ಮರಳಿ ಬಂದರೆ ಸಾಕು, ಉಳಿದದ್ದನ್ನು ನಡುವಿನ ಚರಣ ಮಾಡಿರುತ್ತದೆ.

ಹಾಡಿನ ಒಂದು ಸಾಲನ್ನೂ ಕಥೆಯಲ್ಲಿ ಬಳಸಿಲ್ಲ, ಹೆಸರೂ ಹೇಳಿಲ್ಲ. ಕಾನೂನಿನ ಕಾರಣ ಒಂದಿದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೂ 60 ವರ್ಷ ಆ ಸಾಹಿತ್ಯಕ್ಕೆ ಹಕ್ಕು ಇರುತ್ತದೆ. ಅಚ್ಚಾಗುವ ಕಥೆಯಲ್ಲಿ ಸಾಲು ಹಾಕಬೇಕಿದ್ದರೆ ಹಕ್ಕಿರುವವರ ಒಪ್ಪಿಗೆ ಪಡೆಯುವುದೇ ಸರಿ. ಆದರೆ ಒಪ್ಪಿಗೆ ಕೈಯಲ್ಲಿದ್ದರೂ ನಾನು ಹಾಕುತ್ತಿರಲಿಲ್ಲ. ಒಳ್ಳೆಯ ಕವಿಯ ಸಾಲು ನನ್ನ ಪುಟಕ್ಕೆ ಬಂದರೆ ಓದುಗರು ಅದರ ಹಿಂದೆ ಹೋಗಿಬಿಡುತ್ತಾರೆ, ನನ್ನ ಹುಡುಗಿ ಅಲ್ಲೇ ನಿಂತಿರುತ್ತಾಳೆ. ಹೆಸರು ಹೇಳದಿದ್ದರೆ ಓದುವವರು ತಮ್ಮ ಹಾಡನ್ನೇ ಅಲ್ಲಿ ಹಾಕಿಕೊಳ್ಳುತ್ತಾರೆ. ಕಥೆ ಓದಿದ ಒಬ್ಬರು ಅದು ತಮ್ಮ ಇಷ್ಟದ ಬೇರೊಂದು ಹಾಡೇ ಅಂತ ಬಲವಾಗಿ ನಂಬಿದ್ದರು. ನಾನು ತಿದ್ದಲಿಲ್ಲ.

ಇಸವಿಗಳ ವಿಷಯದಲ್ಲಿ ಮಾತ್ರ ನಾನು ಬಲು ಬಿಗಿ. ಗೋಡೆಗೆ ಒಂದು ಹಾಳೆ ಅಂಟಿಸಿಕೊಂಡಿದ್ದೆ. ‘ಗಾಳಿಪಟ’ ಬಂದದ್ದು 2008ರ ಜನವರಿಯಲ್ಲಿ, ಆದ್ದರಿಂದ ಅದರ ಹಾಡು ಈ ಕಥೆಯ ಬಸ್ಸಿನಲ್ಲಿ ಬರುವಂತಿಲ್ಲ. ಮೊಬೈಲ್ ಕಂಪನಿ ಹಚ್ ಹೋಗಿ ವೊಡಾಫೋನ್ ಆದದ್ದು 2007ರ ಸೆಪ್ಟೆಂಬರಿನಲ್ಲಿ. ಕಥೆ ಜುಲೈನಲ್ಲಿ ನಡೆಯುವುದರಿಂದ ಅಂಗಡಿಯ ಬೋರ್ಡು ಇನ್ನೂ ಹಚ್ ಎಂದೇ ಇದೆ. ಪ್ರದೀಪನದು ಸ್ಪೈಸ್ ಸಿಮ್. ಅದು ಇದ್ದದ್ದು ಕರ್ನಾಟಕ ಮತ್ತು ಪಂಜಾಬಿನಲ್ಲಿ ಮಾತ್ರ. ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ. ಇಂಥ ಕಡೆ ಒಂದು ಎಡವಟ್ಟಾದರೂ ಆ ಕಾಲ ಕಂಡವರು ಅಲ್ಲಿಗೇ ಪುಸ್ತಕ ಮಡಚುತ್ತಾರೆ.

ಈಗ ನನಗೆ ಅತಿ ಮುಖ್ಯವಾದ ಮಾತು. ಆಗಿನ ಪ್ರೇಮಗೀತೆಗಳಲ್ಲಿ ಹಂಬಲಿಸುವವನು ಹೆಚ್ಚಾಗಿ ಹುಡುಗನೇ. ಅವನು ಹಾಡುತ್ತಾನೆ, ಅವಳು ಕಾಣಿಸಿಕೊಳ್ಳುತ್ತಾಳೆ. ಆ ಹಾಡುಗಳನ್ನು ನಾನು ಇಂದಿಗೂ ಪ್ರೀತಿಸುತ್ತೇನೆ. ಆದರೆ ಅದೇ ನೋಟವನ್ನು ಕಥೆಗೆ ತಂದರೆ ಅಶ್ವಿನಿಗೆ ಮಾಡಲು ಏನೂ ಉಳಿಯುವುದಿಲ್ಲ. ಹಾಗಾಗಿ ಆ ಕಾಲದಲ್ಲಿ ಕಾಲೇಜಿಗೆ ಹೋಗುತ್ತಿದ್ದ ಗೆಳತಿಯರನ್ನು ಮಾತಾಡಿಸಿದೆ. ಮೊಬೈಲ್ ಅಂದರೆ ನಿಮಗೆ ಮೊದಲು ಏನು ನೆನಪಾಗುತ್ತದೆ ಅಂತ ಕೇಳಿದೆ. ಒಬ್ಬಾಕೆ ಹಾಡಿನ ಮಾತೇ ಎತ್ತಲಿಲ್ಲ. ‘ಕರೆನ್ಸಿ ಅಂಗಡಿಯ ನೋಟ್‌ಬುಕ್’ ಅಂದಳು. ಕರೆನ್ಸಿ, ಅಂದರೆ ಈಗಿನವರು ರೀಚಾರ್ಜ್ ಅನ್ನುವುದನ್ನು ಹಾಕಿಸುವಾಗ ನಂಬರನ್ನು ಆ ಪುಸ್ತಕದಲ್ಲಿ ಬರೆಯಬೇಕಿತ್ತು. ಪುಸ್ತಕ ಕೌಂಟರ್ ಮೇಲೇ ಬಿದ್ದಿರುತ್ತಿತ್ತು. ಹುಡುಗಿ ನಂಬರ್ ಬರೆದು ಹೋದ ಮೇಲೆ ಯಾರು ಬೇಕಾದರೂ ನೋಡಿಕೊಳ್ಳಬಹುದಿತ್ತು. ರಾತ್ರಿ ಗುರುತಿಲ್ಲದ ನಂಬರಿನಿಂದ ಮಿಸ್ ಕಾಲ್ ಶುರು. ಆಕೆ ಅದಕ್ಕೇ ಅಂಗಡಿಯಲ್ಲಿ ನಂಬರ್ ಬರೆಯುವುದನ್ನು ಬಿಟ್ಟು, ಕೆರೆದು ತಾನೇ ಕರೆನ್ಸಿ ಹಾಕಿಕೊಳ್ಳುವ ಸ್ಕ್ರಾಚ್ ಕಾರ್ಡ್ ಕೊಳ್ಳುತ್ತಿದ್ದಳಂತೆ.

ಇದನ್ನು ಕೇಳಿದ ಮೇಲೆ ಪ್ರದೀಪ ಹೇಗಿರಬೇಕು ಅನ್ನುವುದು ನಿರ್ಧಾರವಾಯಿತು. ಕಥೆಯ ಆರಂಭದಲ್ಲೇ ಅವನ ಗೆಳೆಯ ‘ನಂಬರ್ ತಾನೆ? ಅವಳ ಅಪ್ಪ ಹಾಕಿಸೋದು ಇದೇ ಅಂಗಡೀಲಿ. ಬುಕ್ ನೋಡಿದ್ರೆ ಆಯ್ತು’ ಅನ್ನುತ್ತಾನೆ. ಪ್ರದೀಪ ನೋಡುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನೇರವಾಗಿ ಅವಳನ್ನೇ ಕೇಳುತ್ತಾನೆ. ಅವಳು ಅವತ್ತು ಕೊಡುವುದಿಲ್ಲ. ಒಂದು ವಾರ ಬಿಟ್ಟು, ಅಕೌಂಟೆನ್ಸಿ ನೋಟ್ಸ್ ವಾಪಸ್ ಕೊಡುವಾಗ ಕೊನೆಯ ಪುಟದಲ್ಲಿ ಬರೆದು ಕೊಡುತ್ತಾಳೆ. ಹಾಡು ಹಾಕುವವಳೂ ಅವಳೇ, ಫೋನ್ ಎತ್ತದೆ ಇರುವವಳೂ ಅವಳೇ. ಹೀಗೆ ಮಾಡಿದ ಮೇಲೆ ಹಳೇ ಹಾಡಿನ ಸಿಹಿಯೂ ಉಳಿಯಿತು, ಹುಡುಗಿಗೂ ಜೀವ ಬಂತು.

ಅಪ್ಪಯ್ಯನ ಫೋನ್ ಆದ್ದರಿಂದ ಊರಿನವರಿಗೆಲ್ಲ ಆ ಹಾಡು ಕೇಳಿಸುತ್ತದೆ, ಅಪ್ಪಯ್ಯ ಒಬ್ಬರನ್ನು ಬಿಟ್ಟು. ಕೊನೆಗೆ ಅಡಿಕೆ ಮಂಡಿಯಲ್ಲಿ ವಿಷಯ ಹೊರಬೀಳುತ್ತದೆ. ಆ ಭಾಗ ಕಥೆಯಲ್ಲಿ ಹೀಗಿದೆ:

‘ಗೌಡ್ರೇ, ಹಾಡು ಭಾರಿ ಚೆನಾಗಿದೆ ಕಣ್ರೀ.’
‘ಯಾವ ಹಾಡು?’
‘ನಿಮ್ ಮೊಬೈಲಿಂದು. ಪೂರ್ತಿ ಕೇಳಣ ಅಂತಿದ್ದೆ, ನೀವ್ ಬೇಗ ಎತ್ತಿಬಿಟ್ರಿ.’

ಮನೆಗೆ ಬಂದ ಗೌಡರು ಮೊಬೈಲನ್ನು ಮಗಳ ಕೈಯಲ್ಲೇ ಕೊಟ್ಟು ಅಟ್ಟಕ್ಕೆ ಕಳಿಸುತ್ತಾರೆ. ತಾವು ಜಗಲಿಯ ಲ್ಯಾಂಡ್‌ಲೈನಿನಿಂದ ತಮ್ಮದೇ ನಂಬರಿಗೆ ಫೋನ್ ಮಾಡುತ್ತಾರೆ. ಅಟ್ಟದಲ್ಲಿ ಟ್ರಿಣ್. ಅವರು ರಿಸೀವರ್ ಹಿಡಿದು ನಿಂತೇ ಇರುತ್ತಾರೆ, ಕರೆ ಕಟ್ ಆಗುವವರೆಗೂ. ಆಮೇಲೆ ಬೈಯುತ್ತಾರೆ, ಹೊಡೆಯುತ್ತಾರೆ ಅಂತ ಓದುಗರು ಕಾಯುತ್ತಾರೆ. ಗೌಡರು ಕೇಳುವುದು ಇಷ್ಟೇ: ‘ಇದಕ್ಕೆ ತಿಂಗಳಿಗೆ ಎಷ್ಟು ಕಟ್ಟಾಗುತ್ತೆ?’ ಮಗಳು ‘ಮೂವತ್ತು’ ಅನ್ನುತ್ತಾಳೆ. ಅವರಿಗೆ ಎಲ್ಲಾ ಗೊತ್ತಾಗಿದೆ, ಗೊತ್ತಾಗಿದೆ ಅನ್ನುವುದು ಅವಳಿಗೂ ಗೊತ್ತಾಗಿದೆ. ನನಗೆ ಈ ಅಪ್ಪ ತುಂಬಾ ಇಷ್ಟ. ಇಂಥ ಮಾತು ಕಡಿಮೆಯ ಅಪ್ಪಂದಿರನ್ನು ಮಲೆನಾಡಿನಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಅವತ್ತು ರಾತ್ರಿ ಅಶ್ವಿನಿ ಹಾಡು ತೆಗೆಸುತ್ತಾಳೆ. ಮರುದಿನ ಬಸ್‌ಸ್ಟ್ಯಾಂಡಿನಲ್ಲಿ ಪ್ರದೀಪ ಗಾಬರಿಯಾಗಿ ‘ಯಾಕೆ ತೆಗ್ದೆ?’ ಅಂತ ಕೇಳುತ್ತಾನೆ. ‘ಹೇಳೋದಿದ್ರೆ ನಾನೇ ಹೇಳ್ತೀನಿ’ ಅನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಮದುವೆಯಾಯಿತಾ ಅಂತ ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಪ್ರೇಮಕಥೆಯನ್ನು ಹಾಡಿನಿಂದ ಶುರುಮಾಡಿದ ಮೇಲೆ, ಅವಳು ತನ್ನ ಬಾಯಲ್ಲಿ ಮಾತಾಡುವ ಹೊತ್ತಿಗೆ ಹಾಡು ದಾರಿ ಬಿಡಬೇಕು ಅನ್ನುವುದಷ್ಟೇ ನನಗೆ ಬೇಕಿತ್ತು.

ಕಳಿಸುವ ಮುಂಚೆ ಕಾಲೇಜಿಗೆ ಹೋಗುವ ತಂಗಿ ಮಗಳಿಗೆ ಓದಲು ಕೊಟ್ಟೆ. ಇಂಥ ಕಥೆಯನ್ನು ಆ ಕಾಲ ನೋಡದವರ ಕೈಗೆ ಒಮ್ಮೆ ಕೊಡಲೇಬೇಕು. ನಮ್ಮ ವಯಸ್ಸಿನವರು ಬಿಟ್ಟುಹೋದದ್ದನ್ನೆಲ್ಲ ತಾವೇ ತುಂಬಿಕೊಂಡು ಓದಿಬಿಡುತ್ತಾರೆ. ಅವಳು ಕೇಳಿದ್ದು: ‘ಅವಳೇ ಹಾಕಿದ ಹಾಡು ಅವಳಿಗೇ ಕೇಳಿಸಲ್ವಾ ಮಾಮ?’ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ವಿವರಣೆ ಹಾಕಿದರೆ ಪಾಠ ಆಗುತ್ತದೆ ಅಂತ ಗೆಳತಿಯೊಬ್ಬಳ ಬಾಯಲ್ಲಿ ಒಂದು ಮಾತು ಸೇರಿಸಿದೆ. ಅಶ್ವಿನಿ ‘ನಂಗೂ ಕೇಳುತ್ತಾ?’ ಅನ್ನುತ್ತಾಳೆ, ಅವಳು ‘ಇಲ್ಲ ಮಾರಾಯ್ತಿ, ಮಾಡ್ದೋರಿಗೆ ಮಾತ್ರ’ ಅನ್ನುತ್ತಾಳೆ. ಕರೆನ್ಸಿ ಅಂದರೇನು ಅಂತಲೂ ತಂಗಿ ಮಗಳು ಕೇಳಿದಳು. ಅದಕ್ಕೆ ಏನೂ ಸೇರಿಸಲಿಲ್ಲ. ‘ಮೊನ್ನೆ ತಾನೇ ಐವತ್ತು ಹಾಕ್ಸಿದ್ದೆ, ಎಲ್ಲಿ ಹೋಯ್ತೇ?’ ಅಂತ ಗೌಡರು ಗೊಣಗುವ ಜಾಗ ಬರುತ್ತದೆ. ಅಲ್ಲಿ ಅರ್ಥವಾಗುತ್ತದೆ.