ಭಾವ ನೀರು ಕುಡಿದ ಮೇಲೆ ನಾನು ಪ್ರೊಪೆಲರ್ ಕಲಿತದ್ದು

ನಮ್ಮ ಭಾವ 95 ಕೆಜಿ ಆಸಾಮಿ. ಕಾಲಿಗೆ ಎರಡು ಸ್ಕೀ ಕಟ್ಟಿಕೊಂಡು, ಹಗ್ಗದ ಹಿಡಿ ಹಿಡಿದು, ನೀರಲ್ಲಿ ಮಂಡಿ ಮಡಚಿ ಕಾಯುತ್ತಿದ್ದರು. ನಾನು ಥ್ರಾಟಲ್ ಪೂರ್ತಿ ತಳ್ಳಿದೆ. ಬೋಟಿನ ಮೂತಿ ಮೇಲಕ್ಕೆದ್ದಿತು, ಎಂಜಿನ್ ಗುರ್ ಅಂತು, ಆದರೆ ಬೋಟು ಮಾತ್ರ ಆಮೆಯ ಹಾಗೆ ಹೋಯಿತು. ಹತ್ತು ಸೆಕೆಂಡು ನೀರೊಳಗೇ ಎಳೆಸಿಕೊಂಡು ಬಂದ ಭಾವ ಕೊನೆಗೆ ಹಗ್ಗ ಬಿಟ್ಟರು. ಹತ್ತಿರ ಹೋದಾಗ ಕೆಮ್ಮುತ್ತಾ, "ನೀರು ಕುಡಿಸೋಕೆ ಮೋಟಾರ್ ಬೇರೆ ಬೇಕಿತ್ತೇನಯ್ಯಾ?" ಅಂದರು.

ನನ್ನದು ಐದು ಮೀಟರ್ ಉದ್ದದ ಫೈಬರ್ ಬೋಟು. ಆಗ ಅದಕ್ಕೆ 60 ಎಚ್‌ಪಿ ಮೋಟಾರ್ ಇತ್ತು. ಒಬ್ಬನೇ ಹೋದರೆ ಚೆನ್ನಾಗೇ ಓಡುತ್ತಿತ್ತು. ಮೋಟಾರ್ ಕೊಳ್ಳುವಾಗ "ಎಷ್ಟು ಸ್ಪೀಡ್ ಹೋಗುತ್ತೆ?" ಅಂತ ಕೇಳಿದ್ದೆ. ಎಳೆಯುವ ಕೆಲಸಕ್ಕೆ ಆ ಪ್ರಶ್ನೆಯೇ ತಪ್ಪು. ಗಾಳಿ ತುಂಬಿದ ಟ್ಯೂಬಿನಲ್ಲಿ ಮಕ್ಕಳನ್ನು ಕೂರಿಸಿ ಎಳೆಯಲು ಗಂಟೆಗೆ 20–25 ಕಿಮೀ ಸಾಕು. ಒಂದೇ ಅಗಲ ಹಲಗೆಯ ಮೇಲೆ ನಿಲ್ಲುವ ವೇಕ್‌ಬೋರ್ಡ್‌ಗೆ 30–37, ದೊಡ್ಡವರು ಎರಡು ಸ್ಕೀ ಮೇಲೆ ನಿಂತರೆ 40ರ ಆಸುಪಾಸು. ಇದನ್ನೆಲ್ಲ ನನ್ನಂಥ ಬೋಟು ಸುಲಭವಾಗಿ ಮುಟ್ಟುತ್ತೆ. ಕಷ್ಟ ಇರೋದು ಮೊದಲ ಐದು ಸೆಕೆಂಡಿನಲ್ಲಿ. ನೀರಲ್ಲಿ ಮುಳುಗಿದ ಆಳನ್ನು ಮೇಲೆತ್ತಬೇಕು, ಅದೇ ಹೊತ್ತಿಗೆ ಬೋಟೂ ಎದ್ದು ನೀರಿನ ಮೇಲೆ ಜಾರತೊಡಗಬೇಕು. ಒಮ್ಮೆ ಆಳು ಎದ್ದು ನಿಂತರೆ ಎಳೆತ ಎಷ್ಟೋ ಹಗುರ.

ಮೋಟಾರ್ ವಿಷಯ ಬೇಗ ಮುಗಿಸುತ್ತೇನೆ. ಬೋಟಿನ ಒಳಗಿರುವ ತಗಡಿನಲ್ಲಿ ಗರಿಷ್ಠ ಎಚ್‌ಪಿ ಬರೆದಿರುತ್ತೆ, ನನ್ನದರಲ್ಲಿ 90. ಎಳೆಯುವ ಬೋಟಿಗೆ ಆ ಅಂಕಿಯ ಹತ್ತಿರದ ಮೋಟಾರನ್ನೇ ತೆಗೆದುಕೊಳ್ಳಿ, ಅದನ್ನು ದಾಟಬೇಡಿ. ಎಚ್‌ಪಿ ಜೊತೆ ಇನ್ನೆರಡು ಅಂಕಿ ನೋಡಿ: ಎಂಜಿನ್ ಎಷ್ಟು ಲೀಟರಿನದು, ಗೇರ್ ಅನುಪಾತ ಎಷ್ಟು. ಉದಾಹರಣೆಗೆ ಮರ್ಕ್ಯುರಿ ಕಂಪನಿಯ 2.1 ಲೀಟರ್ ಫೋರ್‌ಸ್ಟ್ರೋಕ್ ಎಂಜಿನ್ 75, 90, 115 ಎಚ್‌ಪಿ ಮೂರರಲ್ಲೂ ಬರುತ್ತೆ. ಅದರ ಮಾಮೂಲಿ ಗೇರ್ 2.07:1, ಕಮಾಂಡ್ ಥ್ರಸ್ಟ್ ಅನ್ನುವ ಮಾದರಿಯಲ್ಲಿ 2.38:1. ಅಂಕಿ ದೊಡ್ಡದಾದಷ್ಟೂ ಎಂಜಿನ್ ಹೆಚ್ಚು ಸುತ್ತಿ, ನೀರನ್ನು ಹಿಂದಕ್ಕೆ ತಳ್ಳುವ ಪ್ರೊಪೆಲರನ್ನು ನಿಧಾನವಾಗಿ, ಆದರೆ ಜೋರಾಗಿ ತಿರುಗಿಸುತ್ತೆ. ಭಾರ ಎಳೆಯುವವರಿಗೆ ಅದೇ ಬೇಕು. ನಾನು ತಂದದ್ದು 2.07ರ ಗೇರಿನ 90 ಎಚ್‌ಪಿ ಮೋಟಾರ್. ಮಿಕ್ಕ ಕೊರತೆಯನ್ನು ಪ್ರೊಪೆಲರಿನಲ್ಲೇ ತುಂಬಿಕೊಳ್ಳಬೇಕಾಯಿತು.

ಮಜಾ ಏನು ಗೊತ್ತಾ? 90 ಎಚ್‌ಪಿ ಬಂದಮೇಲೂ ಭಾವ ಏಳಲು ಎಂಟು ಸೆಕೆಂಡು ಹಿಡಿಯಿತು. ಸ್ಪೀಡಿನ ಆಸೆಗೆ ನಾನೇ ಆರಿಸಿದ 17 ಇಂಚು ಪಿಚ್ಚಿನ ಪ್ರೊಪೆಲರ್ ಅದಕ್ಕೆ ಕಾರಣ. ಪಿಚ್ ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಲೆಕ್ಕದ ಪ್ರಕಾರ ಎಷ್ಟು ಮುಂದೆ ಹೋಗಬೇಕೋ ಅಷ್ಟು ದೂರ. ನೀರಲ್ಲಿ ಜಾರುವುದರಿಂದ ನಿಜವಾಗಿ ಅಷ್ಟು ಹೋಗಲ್ಲ. ಪಿಚ್ ಜಾಸ್ತಿ ಇದ್ದರೆ ಅದು ಏರಿನಲ್ಲಿ ಟಾಪ್ ಗೇರಲ್ಲಿ ಹೊರಟ ಹಾಗೆ.

ಸುಮ್ನೆ ಊಹೆ ಮಾಡೋದು ಬಿಟ್ಟು ಪುಟ್ಟ ನೋಟ್‌ಬುಕ್ಕಿನಲ್ಲಿ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದನ್ನು ಬರೆಯತೊಡಗಿದೆ. ನನ್ನ ಮೋಟಾರ್ ಪೂರ್ತಿ ಥ್ರಾಟಲಿನಲ್ಲಿ 5000ದಿಂದ 6000ದ ಒಳಗೆ ತಿರುಗಬೇಕು ಅಂತ ಅದರ ಪುಸ್ತಕದಲ್ಲಿದೆ. 17ರ ಪ್ರೊಪೆಲರ್ ಹಾಕಿ ಒಬ್ಬನೇ ಹೋದರೆ 5600. ನೋಡಿದರೆ ಎಲ್ಲ ಸರಿ ಇದೆ ಅಲ್ವಾ? ಆದರೆ ಟ್ಯಾಂಕ್ ತುಂಬಿಸಿ, ನಾಲ್ವರನ್ನು ಕೂರಿಸಿ, ಹಿಂದೆ ಸ್ಕೀಯರ್ ಇದ್ದಾಗ 4800 ದಾಟಲಿಲ್ಲ. ಪೂರ್ತಿ ಥ್ರಾಟಲ್ ಕೊಟ್ಟೂ ಎಂಜಿನ್ ಏಳದೆ ಒದ್ದಾಡುತ್ತಿದ್ದರೆ ಅದಕ್ಕೂ ಒಳ್ಳೆಯದಲ್ಲ. ಹಾಗಾಗಿ ಖಾಲಿ ಬೋಟಿನ ಅಂಕಿಯನ್ನು ನಂಬಬೇಡಿ. ಎಳೆಯುವ ದಿನದ ಭಾರ ಹಾಕಿಯೇ ಅಳೆಯಿರಿ.

ಪಿಚ್ ಒಂದಿಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತೆ. ಗೆಳೆಯನೊಬ್ಬನಿಂದ 13ರದ್ದು ಎರವಲು ತಂದೆ. ಬೋಟು ಜಿಗಿಯಿತು ನಿಜ, ಆದರೆ ಒಬ್ಬನೇ ಇದ್ದಾಗ ಆರ್‌ಪಿಎಂ ಸರಕ್ಕನೆ 6000 ಮುಟ್ಟಿತು. ಥ್ರಾಟಲ್ ಇನ್ನೂ ಪೂರ್ತಿ ತಳ್ಳಿರಲಿಲ್ಲ. ಕೊನೆಗೆ ನಿಂತದ್ದು 15 ಪಿಚ್ಚಿನ ನಾಲ್ಕು ಬ್ಲೇಡಿನ ಪ್ರೊಪೆಲರಿಗೆ. ಒಬ್ಬನೇ ಇದ್ದರೆ 5800, ಭಾರ ಹಾಕಿದರೆ 5200. ಟಾಪ್ ಸ್ಪೀಡ್ ಗಂಟೆಗೆ 60 ಕಿಮೀ ಇದ್ದದ್ದು 55ಕ್ಕೆ ಇಳಿಯಿತು. ಭಾವ ಮಾತ್ರ ನಾಲ್ಕೇ ಸೆಕೆಂಡಿನಲ್ಲಿ ಎದ್ದು ನಿಂತರು.

ನಾಲ್ಕು ಬ್ಲೇಡಿನ ಗುಣ ತಿಳಿದದ್ದು ತಿರುವಿನಲ್ಲಿ. ಮೂರು ಬ್ಲೇಡಿನದು ಟ್ಯೂಬ್ ಎಳೆದುಕೊಂಡು ತಿರುಗುವಾಗ ಮೇಲಿನ ಗಾಳಿ ಎಳೆದುಕೊಂಡು ಹಿಡಿತ ಬಿಡುತ್ತಿತ್ತು. ಎಂಜಿನ್ ಕಿರುಚುತ್ತೆ, ಬೋಟು ಅಲ್ಲೇ ಕುಸಿಯುತ್ತೆ. ಇದನ್ನೇ ಜನ ಕ್ಯಾವಿಟೇಶನ್ ಅಂತಾರೆ, ನಿಜವಾಗಿ ಅದು ವೆಂಟಿಲೇಶನ್. ಕ್ಯಾವಿಟೇಶನ್ನಿನಲ್ಲಿ ಒತ್ತಡ ಕಡಿಮೆಯಾಗಿ ನೀರೇ ಗುಳ್ಳೆಯಾಗುತ್ತೆ, ಹೊರಗಿನ ಗಾಳಿ ಬರಲ್ಲ. ನಾಲ್ಕು ಬ್ಲೇಡ್ ಹಾಕಿ, ಮೋಟಾರನ್ನು ಬೋಲ್ಟಿನ ಒಂದು ತೂತು ಕೆಳಗಿಳಿಸಿದ ಮೇಲೆ ಆ ಕಾಟ ಬಹುತೇಕ ತಪ್ಪಿತು. ಇನ್ನೊಂದು, ಹೊರಡುವಾಗ ಟ್ರಿಮ್, ಅಂದರೆ ಮೋಟಾರಿನ ವಾಲು, ಪೂರ್ತಿ ಬೋಟಿನ ಕಡೆಗೆ ಒಳಗಿರಲಿ. ಮೊದಲ ದಿನ ಬೋಟಿನ ಮೂತಿ ಅಷ್ಟು ಎದ್ದದ್ದರಲ್ಲಿ ನಾನು ಇದನ್ನು ಮರೆತದ್ದರ ಪಾಲೂ ಇತ್ತು.

ಪ್ರೊಪೆಲರ್ ಸ್ಟೀಲಿನದೋ ಅಲ್ಯೂಮಿನಿಯಮ್ಮಿನದೋ? ಸ್ಟೀಲ್ ಸುಲಭಕ್ಕೆ ಬಾಗಲ್ಲ, ತೆಳುವಾಗಿರುತ್ತೆ, ಹಿಡಿತವೂ ಚೆನ್ನ. ಆದರೆ ಕಲ್ಲಿಗೆ ತಾಗಿದರೆ ಪೆಟ್ಟು ಗೇರಿನ ತನಕ ಹೋಗಬಹುದು. ನಾನಿರೋದು ಆಳ ಕಡಿಮೆಯ ನೀರಲ್ಲಿ, ಅಲ್ಯೂಮಿನಿಯಮ್ಮೇ ಸಾಕು.

ಒಂದು ವಿಷಯದಲ್ಲಿ ನಾನು ಹಟಮಾರಿ. ಹಗ್ಗವನ್ನು ಮೋಟಾರಿಗೆ ಕಟ್ಟಲ್ಲ. ಹಿಂಬದಿಯ ಎರಡು ಕೊಂಡಿಗೆ ಸೇರಿಸಿದ ವೈ ಆಕಾರದ ಹಗ್ಗಕ್ಕೇ ಕಟ್ಟುತ್ತೇನೆ. ನೀರಲ್ಲಿರುವವರನ್ನು ನೋಡಲು ಬೋಟಿನಲ್ಲಿ ಇನ್ನೊಬ್ಬರು ಇರಲೇಬೇಕು. ಯಾರಾದರೂ ಬೋಟಿಗೆ ಹತ್ತುವಾಗ ನ್ಯೂಟ್ರಲ್ ಸಾಲದು, ಎಂಜಿನ್ ಆಫ್. ಬೋಟಿನ ಹಿಂದೆಯೇ ಅಲೆಯ ಮೇಲೆ ನಿಲ್ಲುವ ವೇಕ್‌ಸರ್ಫಿಂಗ್ ಅಂತೂ, ನನ್ನದರ ಹಾಗೆ ಮೋಟಾರನ್ನು ಹಿಂಬದಿಗೆ ಹೊರಗೆ ತೂಗುಹಾಕಿದ ಔಟ್‌ಬೋರ್ಡ್ ಬೋಟಿನಲ್ಲಿ ಬೇಡವೇ ಬೇಡ. ಬಿದ್ದವರ ಪಕ್ಕದಲ್ಲೇ ಪ್ರೊಪೆಲರ್ ಇರುತ್ತೆ.

ಹಳೆಯ 17ರದ್ದನ್ನು ಎಸೆದಿಲ್ಲ. ಅದಕ್ಕೆ ಬೇಕಾದ ಸ್ಪ್ಯಾನರ್, ಹೊಸ ಪಿನ್ನು, ಒಂದು ಮರದ ತುಂಡು ಸೇರಿಸಿ ಬೋಟಿನ ಮುಂದಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ನಟ್ ಬಿಚ್ಚುವಾಗ ಬ್ಲೇಡ್ ತಿರುಗದ ಹಾಗೆ ಕೊಡಲು ಆ ಮರದ ತುಂಡು. ಎಂಜಿನ್ನಿನ ಕೀ ಆಗ ಜೇಬಿನಲ್ಲಿರುತ್ತೆ.