‘ಹೀಟ್’ ಪದಕ್ಕೆ ಕೊಟ್ಟಿಗೆಯಲ್ಲಿ ಸಿಕ್ಕ ಅರ್ಥ

ತೀರ್ಥಹಳ್ಳಿಯಲ್ಲಿ ಕುಳಿತು ಕೃಷಿ, ಪಶುಪಾಲನೆಯ ಕೈಪಿಡಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ದೊಡ್ಡ ದೊಡ್ಡ ಪಾರಿಭಾಷಿಕ ಪದಗಳು ನನ್ನನ್ನು ಅಷ್ಟಾಗಿ ಕಾಡಿಲ್ಲ. ನಿಘಂಟು ತೆರೆದರೆ ಸಿಗುತ್ತವೆ. ಕಾಡಿದ್ದು ‘ಹೀಟ್’ ಎಂಬ ಪುಟ್ಟ ಪದ.

ಹೈನುಗಾರಿಕೆಯ ಕೈಪಿಡಿಯೊಂದರಲ್ಲಿ ‘ಹೀಟ್ ಸ್ಟ್ರೆಸ್’ ಆದ ಹಸುವಿನಲ್ಲಿ ‘ಹೀಟ್’ ಸರಿಯಾಗಿ ಕಾಣಿಸುವುದಿಲ್ಲ ಎಂಬ ಅರ್ಥದ ಸಾಲೊಂದಿತ್ತು. ಎರಡಕ್ಕೂ ‘ಶಾಖ’ ಎಂದೇ ಬರೆದೆ. ಕರಡನ್ನು ಪಕ್ಕದ ಮನೆಯ ಅಜ್ಜಿಗೆ ಓದಿ ಹೇಳಿದೆ. ಜೀವಮಾನವಿಡೀ ಮಲೆನಾಡು ಗಿಡ್ಡ ಹಸುಗಳನ್ನು ಸಾಕಿದವರು ಅವರು. ಕೆಚ್ಚಲಿನಿಂದ ಕೈ ತೆಗೆಯದೆಯೇ ಕೇಳಿದರು: ‘ಬಿಸಿಲಿಗೆ ಬಸವಳಿದ ಹಸುವಿನ ಮೈ ಸುಡುತ್ತಿರುತ್ತದೆ. ಶಾಖ ಕಾಣುವುದಿಲ್ಲ ಅಂದರೆ ಏನು ಮಾರಾಯ?’ ಎರಡನೆಯ ‘ಹೀಟ್’ ಎಂದರೆ ಹಸು ಗರ್ಭ ಕಟ್ಟಲು ಸಿದ್ಧವಾಗುವ ಕಾಲ ಎಂದು ನಾನು ಬಿಡಿಸಿ ಹೇಳಿದ ಮೇಲೆ, ‘ಬೆದೆ ಅಂತ ಬರೆ’ ಎಂದರು.

ಆ ಪದ ನನಗೆ ಗೊತ್ತಿರಲಿಲ್ಲವೆಂದಲ್ಲ. ಇಂಗ್ಲಿಷ್ ಸಾಲು ಎದುರಿಗಿದ್ದಾಗ ಅದು ನೆನಪಿಗೆ ಬರಲಿಲ್ಲ. ಇಲ್ಲಿ ತಪ್ಪು ಪದದ ಬೆಲೆ ತೆರುವವನು ರೈತ. ಹಸು ಬೆದೆಗೆ ಬರುವುದು ಸುಮಾರು 21 ದಿನಗಳಿಗೊಮ್ಮೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬುದು ರೂಢಿಯ ಸೂತ್ರ. ಹಸು ಅರಚುತ್ತದೆ, ಮೇವು ಬಿಡುತ್ತದೆ, ತಿಳಿಯಾದ ಲೋಳೆ ಇಳಿಸುತ್ತದೆ, ಬೇರೆ ಹಸು ಮೈಮೇಲೆ ಹತ್ತಿದರೂ ಅಲುಗದೆ ನಿಲ್ಲುತ್ತದೆ. ಇಷ್ಟನ್ನೂ ‘ಶಾಖದ ಲಕ್ಷಣಗಳು’ ಎಂಬ ತಲೆಬರಹದಡಿ ಅಚ್ಚು ಹಾಕಿಸಿದ್ದರೆ ಓದಿದವರು ಜ್ವರದ ಮದ್ದು ಹುಡುಕುತ್ತಿದ್ದರು. ಈ ಯಾವ ಲಕ್ಷಣವನ್ನೂ ತೋರದ ‘ಸೈಲೆಂಟ್ ಹೀಟ್’ಗೆ ‘ಮೂಕ ಬೆದೆ’ ಎಂಬ ಎಷ್ಟು ಚೆಂದದ ಪದ ನಮ್ಮಲ್ಲಿದೆ!

ಅಂದಿನಿಂದ ‘ಹೀಟ್’ ಎದುರಾದಾಗಲೆಲ್ಲ ಅಲ್ಲಿ ಥರ್ಮಾಮೀಟರ್ ಇಟ್ಟರೆ ಪಾದರಸ ಏರುತ್ತದೆಯೇ ಎಂದು ಕೇಳಿಕೊಳ್ಳುತ್ತೇನೆ. ಏರುವುದಾದರೆ ಶಾಖ, ಬಿಸಿ, ಕಾವು, ಝಳ, ಸೆಕೆಗಳಲ್ಲಿ ಒಂದನ್ನು ಆರಿಸುತ್ತೇನೆ. ಒಲೆಯೆದುರು ಮುಖಕ್ಕೆ ಹೊಡೆಯುವುದು ಝಳ. ಮಳೆಗೆ ಮುಂಚೆ ಬೆವರಿಳಿಸುವುದು ಸೆಕೆ. ಎಣ್ಣೆಯನ್ನು ಕಾಯಿಸುತ್ತೇವೆ, ಆರಿದ ಅನ್ನವನ್ನು ಬಿಸಿ ಮಾಡುತ್ತೇವೆ. ಪಾದರಸ ಏರದಿದ್ದರೆ ದಾರಿಯೇ ಬೇರೆ. ಓಟದ ‘ಹೀಟ್ಸ್’ ಅರ್ಹತಾ ಸುತ್ತುಗಳು. ಅಧಿಕಾರಿಯ ಮೇಲೆ ‘ಹೀಟ್’ ಹೆಚ್ಚಿಸಿದರು ಎಂದಿದ್ದರೆ ಬಿಸಿ ಮುಟ್ಟಿಸಿದರು. ಚುನಾವಣೆಗೆ ಕಾವು ಏರುತ್ತದೆ.

ಈ ಪರೀಕ್ಷೆ ಕೈಕೊಟ್ಟದ್ದೂ ಉಂಟು. ಅಡಿಕೆ ಬೇಯಿಸುವ ಹಂಡೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಎಷ್ಟು ಸೌದೆ ತುರುಕಿದರೂ ತಾಪಮಾನ ಮೇಲೇರುವುದಿಲ್ಲ. ಆ ಶಾಖವೆಲ್ಲ ನೀರನ್ನು ಆವಿ ಮಾಡಲು ಹೋಗುತ್ತದೆ, ಒಂದು ಗ್ರಾಂಗೆ ಸುಮಾರು 540 ಕ್ಯಾಲರಿ. ವಿಜ್ಞಾನದಲ್ಲಿ ಅದು ಗುಪ್ತೋಷ್ಣ. ಪಾದರಸ ಕದಲದಿದ್ದರೂ ಇಲ್ಲಿರುವುದು ನಿಜವಾದ ಶಾಖವೇ.

ಇನ್ನು ಮೆಣಸಿನಕಾಯಿಯ ‘ಹೀಟ್’. ಕನ್ನಡದಲ್ಲಿ ಖಾರ ಬೇರೆ, ಬಿಸಿ ಬೇರೆ; ಜೀರಿಗೆ ಮೆಣಸು ಅರೆದು ಹಾಕಿದ ತಂಬುಳಿ ತಣ್ಣಗಿದ್ದೂ ನಾಲಿಗೆ ಉರಿಸುತ್ತದೆ. ಆದರೆ ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟುಕೊಂಡಿದ್ದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಮತ್ತು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ, ಇವೆರಡೂ ನರದ ಒಂದೇ ಗ್ರಾಹಕವನ್ನು (ರಿಸೆಪ್ಟರ್) ಎಬ್ಬಿಸುತ್ತವೆ. ಇದನ್ನು 1997ರಲ್ಲಿ ತೋರಿಸಿದ ತಂಡದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಾಲಿಗೆಗೆ ಖಾರವೂ ಒಂದು ಬಗೆಯ ಸುಡುವಿಕೆಯೇ. ಆದರೂ ಅಡುಗೆಯ ಪುಟದಲ್ಲಿ ನಾನು ಬರೆಯುವುದು ‘ಖಾರ’ ಎಂದೇ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಮಾತ್ರ ಒಂದು ಕಡೆ ಸಿಕ್ಕಿಕೊಳ್ಳುತ್ತೇನೆ. ಹಲಸಿನ ಹಣ್ಣು ಜಾಸ್ತಿ ತಿಂದ ಮಗುವಿಗೆ ಅಜ್ಜಿ ‘ಉಷ್ಣವಾಗಿದೆ’ ಎಂದು ಮಜ್ಜಿಗೆ ಕೊಡುತ್ತಾರಲ್ಲ, ಆ ಉಷ್ಣ ‘ಹೀಟ್’ ಅಲ್ಲ, ಜ್ವರವೂ ಅಲ್ಲ. ಅಂಥಲ್ಲಿ ‘ಉಷ್ಣ’ವನ್ನು ಹಾಗೆಯೇ ಉಳಿಸಿ, ಪುಟದ ಕೆಳಗೆ ಎರಡು ಸಾಲು ವಿವರಣೆ ಬರೆಯುತ್ತೇನೆ.