ಮಟನ್ ಕೊಳ್ಳುವಾಗ ಏನು ನೋಡಬೇಕು, ಕೆಟ್ಟಿದ್ದರೆ ಯಾರಿಗೆ ಹೇಳಬೇಕು?

ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಯಲ್ಲಿ ಹಸಿ ಮಾಂಸದೊಳಗೆ ರೋಗಾಣು ಬಲು ಬೇಗ ಬೆಳೆಯುತ್ತವೆ. ಭಾನುವಾರದ ಮಟನ್ ಬೆಳಿಗ್ಗೆಯೇ ತನ್ನಿ. ಮಧ್ಯಾಹ್ನದವರೆಗೆ ಅಂಗಡಿ ಮುಂದೆ ನೇತಾಡಿದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಮೊದಲು ಸೀಲ್ ನೋಡಿ, ಅಂದರೆ ಪಶುವೈದ್ಯರು ಪರೀಕ್ಷೆ ಮಾಡಿದ್ದಕ್ಕೆ ಮಾಂಸದ ಮೇಲೆ ಒತ್ತುವ ಗುರುತು. ಕಸಾಯಿಖಾನೆಯಲ್ಲಿ ಪಶುವೈದ್ಯರು ಕುರಿಯನ್ನು ಎರಡು ಸಲ ಪರೀಕ್ಷೆ ಮಾಡಬೇಕು. ಕೊಯ್ಯುವ ಮುಂಚೆ ಜ್ವರ, ಗಾಯ, ಗಬ್ಬ ನೋಡುತ್ತಾರೆ. ಗಬ್ಬದ ಕುರಿಯನ್ನೂ ಮೂರು ತಿಂಗಳು ತುಂಬದ ಮರಿಯನ್ನೂ ಕೊಯ್ಯುವಂತಿಲ್ಲ. ಕಸಾಯಿಖಾನೆಗಳ 2001ರ ಕೇಂದ್ರ ನಿಯಮದಂತೆ ಒಬ್ಬ ವೈದ್ಯರು ಗಂಟೆಗೆ 12, ದಿನಕ್ಕೆ 96 ಪ್ರಾಣಿಗಿಂತ ಜಾಸ್ತಿ ನೋಡುವಂತಿಲ್ಲ. ಬಹಳ ಒಳ್ಳೆಯ ನಿಯಮ ಇದು. ಅವಸರ ಮಾಡಿದರೆ ರೋಗ ಕಣ್ತಪ್ಪುತ್ತದೆ, ಅಲ್ವಾ?

ಕೊಯ್ದ ಮೇಲೆ ಲಿವರ್, ಪುಪ್ಪುಸಗಳನ್ನು ಕೈಯಿಂದ ಒತ್ತಿ, ಸೀಳಿ ನೋಡುತ್ತಾರೆ. ಲಿವರ್ ನಾಳಗಳಲ್ಲಿ ಎಲೆಯಂಥ ಚಪ್ಪಟೆ ಹುಳ ಇರಬಹುದು. ಪುಪ್ಪುಸದಲ್ಲಿ ನೀರು ತುಂಬಿದ ಗುಳ್ಳೆ ಸಿಗಬಹುದು. ಈ ಗುಳ್ಳೆಯನ್ನು ಬೀದಿನಾಯಿಗೆ ಎಸೆಯಲೇಬಾರದು. ನಾಯಿಯ ಹೊಟ್ಟೆಯಲ್ಲಿ ಅದು ಲಾಡಿಹುಳವಾಗಿ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು, ಕೈಗೆ, ನೀರಿಗೆ, ಕೊನೆಗೆ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಅಂಗಡಿಯವರು ಎಸೆಯುವುದು ಕಂಡರೆ ದಯವಿಟ್ಟು ತಡೆಯಿರಿ.

ಸೀಲ್ ಕಾಣದಿದ್ದರೆ ಸಂಕೋಚ ಬೇಡ. "ಅಣ್ಣಾ, ಕುರಿ ಎಲ್ಲಿ ಕೊಯ್ಸಿದ್ರಿ?" ಅಂತ ಕೇಳಿ. ತುಂಡನ್ನು ಒತ್ತಿ ತೋರಿಸಲು ಹೇಳಿ. ತಗ್ಗು ಕೂಡಲೇ ಮೇಲೇಳಬೇಕು, ಅಂಟು ಇರಬಾರದು. ಆಹಾರ ಸುರಕ್ಷತಾ ಪ್ರಾಧಿಕಾರ (FSSAI) ಕೊಟ್ಟ 14 ಅಂಕಿಯ ಲೈಸೆನ್ಸ್ ಅಥವಾ ನೋಂದಣಿ ನಂಬರ್ ಗೋಡೆ ಮೇಲೆ ಇರಬೇಕು.

ತಪ್ಪು ಕಂಡರೆ ಫೋಟೊ ತೆಗೆಯಿರಿ, ದಿನ, ಸಮಯ ಬರೆದಿಡಿ. ಬೀದಿಯಲ್ಲೇ ಕೊಯ್ಯುವುದು, ಚರಂಡಿಗೆ ರಕ್ತ ಬಿಡುವುದು ಇದ್ದರೆ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಹೇಳಿ. ಮಾಂಸವೇ ಕೆಟ್ಟಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗೆ ಬರೆದು ಕೊಡಿ, ಇಲ್ಲವೇ FSSAI ಸಹಾಯವಾಣಿ 1800112100ಕ್ಕೆ ಫೋನ್ ಮಾಡಿ. ಅಧಿಕಾರಿ ಮಾದರಿ ತೆಗೆದು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ವರದಿಗೆ 14 ದಿನದ ಗಡುವು. ಕೊಳಕು ಜಾಗದಲ್ಲಿ ಆಹಾರ ತಯಾರಿಸಿದ್ದು ಸಾಬೀತಾದರೆ 1 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ಅಧಿಕಾರಿಗೆ ಕಾಯದೆ ನೀವೇ ಪರೀಕ್ಷೆ ಮಾಡಿಸಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಂ ಈ ಹಕ್ಕು ಕೊಟ್ಟಿದೆ. ಆದರೆ ಪರೀಕ್ಷೆಗೆ ಕಳಿಸುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ಹೇಳಿರಬೇಕು. ಶುಲ್ಕ ನೀವು ಕಟ್ಟಬೇಕು. ಮಾಂಸ ಕಾಯ್ದೆಗೆ ತಕ್ಕಂತೆ ಇಲ್ಲ ಅಂತ ವರದಿ ಬಂದರೆ ಆ ಹಣ ವಾಪಸ್ ಸಿಗುತ್ತದೆ.